ಬೆರಳಿನ ಟೊಪ್ಪಿಗೆ

ಹೆವಿ ಮೆಟಲ್ ಎಂಬ ಮಾತನ್ನು ಇದ್ದ ಹಾಗೇ ಕನ್ನಡಕ್ಕೆ ತಂದರೆ ಭಾರವಾದ ಲೋಹ ಎಂದಾಗುತ್ತದೆ. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕಬ್ಬಿಣದ ಹಾರೆ ಎಲ್ಲವನ್ನೂ ಕೂಡಿಸಿ ಮಾಳಿಗೆಯ ಮೇಲಿಂದ ಅಂಗಳಕ್ಕೆ ಉರುಳಿಸಿದರೆ ಎಂಥ ಸಪ್ಪಳವಾದೀತೋ ಅಂಥ ಒಂದು ಸಂಗೀತ. ಈ ವರ್ಣನೆ ನನ್ನದಲ್ಲ, ನಮ್ಮ ವೈನಿಯವರದು. ಅವರ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಹತ್ತಿಸಿಕೊಂಡು ಬಂದ ಹುಚ್ಚು ಅದು. ರಜೆಗೆಂದು ಹೂವಿನ ಹಿಪ್ಪರಗಿಗೆ ಬಂದಾಗ ತಲೆಬುರುಡೆಯ ಚಿತ್ರವಿದ್ದ ಕರಿ ಅಂಗಿ ತೊಟ್ಟಿರುತ್ತಿದ್ದ. ವೈನಿ ಆ ಅಂಗಿಯನ್ನು ಒಗೆದು, ಒಳಗು ಹೊರಗು ಮಾಡಿ, ಹಿತ್ತಲಲ್ಲಿ ಸೀರೆಯ ಮರೆಗೆ ಒಣಹಾಕುತ್ತಿದ್ದರು. ಓಣಿಯವರ ಕಣ್ಣಿಗೆ ಬಿದ್ದೀತೆಂದು.

"ದೆವ್ವಿನ ಹಾಡು ಕೇಳ್ತಾನ. ನೀ ಸಾಲಿ ಕಲಿಸಾಕಿ, ನೀನರ ಅವಗ ಹೇಳವಾ" ಎಂದು ನನ್ನಲ್ಲಿ ದೂರು ತಂದರು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು. ದೆವ್ವವೇ ಆದರೂ ಅದಕ್ಕೊಂದು ಹುಟ್ಟಿದ ಊರು, ಒಂದು ಇಸವಿ ಇರಲೇಬೇಕಲ್ಲ. ಹುಡುಗನಿಗೆ ಬುದ್ಧಿ ಹೇಳುವುದನ್ನು ಬಿಟ್ಟು ಅವನನ್ನೇ ಕೂಡಿಸಿಕೊಂಡು ಒಂದೊಂದಾಗಿ ಕೇಳತೊಡಗಿದೆ. ಮುಂದೆ ನಿವೃತ್ತಿಯಾದ ಮೇಲೆ ಪುಸ್ತಕಗಳನ್ನು ತರಿಸಿ ಓದಿದೆ. ನನಗೆ ಆ ಸಂಗೀತ ಪೂರ್ತಿ ಒಗ್ಗಿತೆಂದು ಹೇಳಲಾರೆ. ಆದರೆ ಅದರ ಹುಟ್ಟಿನ ಕತೆ ಮಾತ್ರ ನನ್ನನ್ನು ಹಿಡಿದುಕೊಂಡಿತು.

ಊರು ಬರ್ಮಿಂಗ್‌ಹ್ಯಾಂ, ಇಂಗ್ಲೆಂಡಿನ ನಟ್ಟನಡುವೆ. ಅದು ರಾಜರ ಊರಲ್ಲ, ಕಾರ್ಖಾನೆಗಳ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕದ ಪೆನ್ನಿನ ನಿಬ್ಬುಗಳಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತಿದ್ದವು. ಆಮೇಲೆ ಮೊಳೆ, ತಿರುಪು, ಮೋಟಾರು ಕಾರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಬಾಂಬುಗಳು ಈ ಊರಿನ ಮೇಲೆ ಬಿದ್ದದ್ದೂ ಕಾರ್ಖಾನೆಗಳ ಸಲುವಾಗಿಯೇ. ಅಲ್ಲಿನ ಆಸ್ಟನ್ ಎಂಬ ಬಡವರ ಭಾಗದಲ್ಲಿ, ಬಿದ್ದ ಗೋಡೆಗಳ ನಡುವೆ ಆಡಿಕೊಂಡು ಬೆಳೆದ ನಾಲ್ಕು ಹುಡುಗರು, 1948 ಮತ್ತು 49ರಲ್ಲಿ ಹುಟ್ಟಿದವರು, ಈ ಕತೆಯ ನಾಯಕರು. ಟೋನಿ ಅಯೋಮಿ ಗಿಟಾರ್, ಗೀಜರ್ ಬಟ್ಲರ್ ಬಾಸ್ ಗಿಟಾರ್, ಬಿಲ್ ವಾರ್ಡ್ ಡ್ರಮ್ಸ್, ಓಜಿ ಆಸ್ಬರ್ನ್ ಹಾಡುಗಾರ. ಓಜಿಯದು ಆರು ಮಕ್ಕಳ ಮನೆ. ತಂದೆ ರಾತ್ರಿ ಪಾಳಿ, ತಾಯಿ ಹಗಲು ಪಾಳಿ. ತಾಯಿ ದುಡಿಯುತ್ತಿದ್ದ ಲ್ಯೂಕಾಸ್ ಕಾರ್ಖಾನೆಯಲ್ಲೇ ಮಗನಿಗೂ ಒಂದು ಕೆಲಸ ಸಿಕ್ಕಿತು: ದಿನವಿಡೀ ಕಾರಿನ ಹಾರ್ನುಗಳನ್ನು ಊದಿಸಿ ದನಿ ಸರಿಮಾಡುವುದು. ಸಂಗೀತದ ಮೊದಲ ಪಾಠ ಅದು ಎನ್ನಬೇಕು! ಅದನ್ನು ಬಿಟ್ಟು ಕಸಾಯಿಖಾನೆಗೂ ಹೋದ.

ಆದರೆ ಕತೆಯ ತಿರುಳು ಇರುವುದು ಟೋನಿಯ ಕೈಯಲ್ಲಿ. 1965. ಹದಿನೇಳು ವರ್ಷದ ಹುಡುಗ, ತಗಡಿನ ಕಾರ್ಖಾನೆಯಲ್ಲಿ ಬೆಸುಗೆಯ ಕೆಲಸ. ಒಂದು ವಾದ್ಯತಂಡ ಅವನನ್ನು ಜರ್ಮನಿಗೆ ಕರೆದುಕೊಂಡು ಹೋಗುವುದಿತ್ತು, ಆದ್ದರಿಂದ ಅಂದು ಅವನ ಕೆಲಸದ ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು, ಇನ್ನು ಹೋಗುವುದಿಲ್ಲ ಎಂದ. ಹಿಡಿದ ಕೆಲಸ ಮುಗಿಸಿ ಬರಬೇಕು ಎಂದು ತಾಯಿ ತಿರುಗಿ ಕಳಿಸಿದಳು. ತಗಡು ಒತ್ತುವ ಯಂತ್ರದಲ್ಲಿ ದಿನಾ ದುಡಿಯುವವರು ಅಂದು ಬಂದಿರಲಿಲ್ಲ. ಇವನನ್ನೇ ಅಲ್ಲಿ ನಿಲ್ಲಿಸಿದರು. ಯಂತ್ರ ಕೆಳಗಿಳಿಯಿತು. ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಹೋದವು. ಟೋನಿ ಎಡಚ, ಎಡಚರು ಗಿಟಾರಿನ ತಂತಿಗಳನ್ನು ಒತ್ತಿಹಿಡಿಯುವುದು ಬಲಗೈ ಬೆರಳುಗಳಿಂದಲೇ.

ಈ ಭಾಗವನ್ನು ವೈನಿಗೆ ಹೇಳಿದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಆ ತಾಯಿ ಜೀವನಪೂರ್ತಿ ಹ್ಯಾಂಗ ಸೈರಿಸಿಕೊಂಡಳೋ ಏನೋ" ಎಂದರು. ಪುಸ್ತಕ ಬರೆದ ಗಂಡಸರು ಯಾರೂ ಕೇಳದ ಪ್ರಶ್ನೆ ಅದು. ಅವರು ಕೇಳಿದ್ದಕ್ಕೆ ಬೇರೆ ಕಾರಣವೂ ಇತ್ತು. ನನ್ನ ಅಣ್ಣ ಊರ ಭಜನಾಮೇಳದಲ್ಲಿ ಪೇಟಿ ಬಾರಿಸುತ್ತಿದ್ದ. 1991ರ ಬೇಸಿಗೆಯಲ್ಲಿ ಕಣಕಿ ಕತ್ತರಿಸುವ ಯಂತ್ರಕ್ಕೆ ಅವನ ಬಲಗೈಯ ಎರಡು ಬೆರಳ ತುದಿಗಳು ಸಿಕ್ಕವು. ಅಂದು ದನಗಳಿಗೆ ಮೇವಿಲ್ಲ, ಈಗಲೇ ಕತ್ತರಿಸಿ ಹಾಕಿರಿ ಎಂದು ಎಬ್ಬಿಸಿ ಕಳಿಸಿದವರು ವೈನಿ. ಗಾಯ ಮಾಯ್ದ ಮೇಲೂ ಅಣ್ಣ ಪೇಟಿಯನ್ನು ಮುಟ್ಟಲಿಲ್ಲ. ಅದು ಅರಿವೆಯ ಗವಸಿನಲ್ಲಿ ದೇವರ ಕೋಣೆಯ ಮೂಲೆಗೆ ಕೂತಿತು. ಮೇಳದಲ್ಲಿ ತಾಳ ಹಿಡಿದು ಹಿಂದಿನ ಸಾಲಿಗೆ ಸರಿದ.

ಟೋನಿಗೂ ವೈದ್ಯರು, ಇನ್ನು ಗಿಟಾರ್ ಮರೆತುಬಿಡು ಎಂದರು. ಕಾರ್ಖಾನೆಯ ಮೇಲ್ವಿಚಾರಕ ಒಂದು ಗ್ರಾಮಫೋನ್ ರೆಕಾರ್ಡು ತಂದು ಕೇಳಿಸಿದ. ಬಾರಿಸುತ್ತಿದ್ದವನು ಜ್ಯಾಂಗೋ ರೈನ್‌ಹಾರ್ಟ್, ಅಲೆಮಾರಿ ರೋಮಾ ಜನಾಂಗದವನು. 1928ರಲ್ಲಿ ಅವನ ಬಂಡಿಮನೆಗೆ ಬೆಂಕಿ ಬಿತ್ತು. ಹೆಂಡತಿ ಮಾರಲೆಂದು ಮಾಡಿಟ್ಟಿದ್ದ ಕೃತಕ ಹೂಗಳಿಗೆ ಮೇಣದಬತ್ತಿಯ ಕಿಡಿ ತಾಗಿತ್ತು. ಎಡಗೈಯ ಎರಡು ಬೆರಳು ಸುಟ್ಟು ಮುರುಟಿದವು, ಉಳಿದ ಎರಡರಲ್ಲೇ ಅವನು ಯುರೋಪಿನ ಹೆಸರಾಂತ ಗಿಟಾರ್ ವಾದಕನಾದ. ಅದನ್ನು ಕೇಳಿದ ಹುಡುಗ ಮನೆಯಲ್ಲಿ ಪಾತ್ರೆ ತೊಳೆಯುವ ಸಾಬೂನು ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳಿಗೆ ಕೂಡುವಂತೆ ಎರಡು ಟೊಪ್ಪಿಗೆ ಮಾಡಿಕೊಂಡ. ಕೌದಿ ಹೊಲಿಯುವಾಗ ಸೂಜಿ ಚುಚ್ಚದಂತೆ ನಾವು ಬೆರಳಿಗೆ ಹಾಕಿಕೊಳ್ಳುತ್ತೇವಲ್ಲ, ಅಂಥವು. ಬಿಸಿ ಕಾವಿನಿಂದ ತೂತು ಮಾಡಿ, ತಿಕ್ಕಿ ತಿಕ್ಕಿ ಅಳತೆಗೆ ತಂದ. ಪ್ಲಾಸ್ಟಿಕ್ಕು ತಂತಿಯ ಮೇಲೆ ಜಾರುತ್ತಿತ್ತು. ಹಳೆಯ ತೊಗಲಿನ ಜಾಕೀಟಿನಿಂದ ಚೂರು ಕತ್ತರಿಸಿ ಅದರ ಮೇಲೆ ಅಂಟಿಸಿದ.

ಆದರೂ ದಪ್ಪ ತಂತಿ ಒತ್ತಿದರೆ ನೋವು. ಗಿಟಾರಿಗೆ ತೆಳು ತಂತಿ ಅಂಗಡಿಯಲ್ಲಿ ಸಿಗದ ಕಾಲ. ಬ್ಯಾಂಜೋ ವಾದ್ಯದ ತಂತಿ ತಂದು ಕಟ್ಟಿದ. ಮುಂದೆ ತಂತಿಗಳನ್ನು ಸಡಿಲು ಬಿಟ್ಟ. ತಂತಿ ಸಡಿಲಾದರೆ ಒತ್ತುವುದು ಹಗುರ, ಆದರೆ ಸ್ವರ ಕೆಳಗಿಳಿಯುತ್ತದೆ. ನಮ್ಮ ಕಡೆಯ ಚೌಡಕಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1971ರಲ್ಲಿ ಬಂದ ಮೂರನೆಯ ರೆಕಾರ್ಡಿನ ಹಲವು ಹಾಡುಗಳಲ್ಲಿ ಟೋನಿಯ ಗಿಟಾರ್ ಮೂರು ಅರ್ಧಸ್ವರದಷ್ಟು ಕೆಳಗಿದೆ. ಬೇರೆಲ್ಲರ ಗಿಟಾರೂ ಕಿಣಿಕಿಣಿ ಎನ್ನುತ್ತಿದ್ದಾಗ ಇವನದು ನೆಲದೊಳಗಿಂದ ಗುಡುಗುತ್ತಿತ್ತು. ಹೆವಿ ಮೆಟಲಿನ ಆ 'ಹೆವಿ' ಹೀಗೆ ಬಂದದ್ದು. ದೆವ್ವವನ್ನು ಕರೆದದ್ದರಿಂದಲ್ಲ, ಬೆರಳು ನೋಯುತ್ತಿದ್ದುದರಿಂದ.

ಇದನ್ನು ಓದಿದಾಗ ನನಗೆ ನೆನಪಾದವರು ನಮ್ಮ ಗಂಗೂಬಾಯಿ ಹಾನಗಲ್. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಹೊರಬಂದ ಅವರ ರೆಕಾರ್ಡುಗಳನ್ನು ಕೇಳಿದ್ದೀರಾ? ಎಳೆಯ, ಏರುದನಿಯ, ಹಕ್ಕಿಯಂಥ ಕಂಠ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಆ ದನಿ ಹೋಯಿತು. ಬಂದದ್ದು ನಾವೆಲ್ಲ ಬಲ್ಲ ಆ ಘನವಾದ ದನಿ. ರೇಡಿಯೋದಲ್ಲಿ ಮೊದಲ ಸಲ ಕೇಳಿದವರು ಗಂಡಸು ಹಾಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಇವರು ಆ ಭಾರವನ್ನೇ ತಮ್ಮ ಗಾಯಕಿ ಮಾಡಿಕೊಂಡರು. ಬರ್ಮಿಂಗ್‌ಹ್ಯಾಮಿನ ಹುಡುಗನನ್ನೂ ಹುಬ್ಬಳ್ಳಿಯ ಬಾಯಿಯವರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದೆನೆಂದು ಸಂಗೀತ ಬಲ್ಲವರು ಸಿಟ್ಟಾಗಬಾರದು. ಸಂಗೀತ ಒಂದೇ ಎನ್ನುತ್ತಿಲ್ಲ, ಗಾಯ ಒಂದೇ ಎನ್ನುತ್ತಿದ್ದೇನೆ.

ಇನ್ನು ದೆವ್ವದ ಮಾತು. ಈ ನಾಲ್ವರ ತಂಡಕ್ಕೆ ಮೊದಲು 'ಅರ್ತ್' ಎಂಬ ಹೆಸರಿತ್ತು. ತಾಲೀಮು ನಡೆಸುವ ಜಾಗದ ಎದುರು ಸಿನಿಮಾ ಥಿಯೇಟರು. ಅಲ್ಲಿ 'ಬ್ಲ್ಯಾಕ್ ಸ್ಯಾಬತ್' ಎಂಬ 1963ರ ದೆವ್ವದ ಚಿತ್ರ ನಡೆದಿತ್ತಂತೆ. ದುಡ್ಡು ಕೊಟ್ಟು ಹೆದರಿಕೊಳ್ಳಲು ಜನ ಸಾಲು ಹಚ್ಚುವುದನ್ನು ನೋಡಿ ಇವರಿಗೆ ಸೋಜಿಗವಾಯಿತು. ಹಾಗಾದರೆ ಹೆದರಿಸುವ ಹಾಡನ್ನೇ ಯಾಕೆ ಮಾಡಬಾರದು ಎಂದುಕೊಂಡರು. ತಂಡದ ಹೆಸರೂ ಅದೇ ಆಯಿತು. 1979ರಲ್ಲಿ ನಾವು 'ನಾ ನಿನ್ನ ಬಿಡಲಾರೆ' ನೋಡಲು ವಿಜಾಪುರದಲ್ಲಿ ಹೆಣ್ಣುಮಕ್ಕಳೆಲ್ಲ ಕೂಡಿ ಹೋಗಿರಲಿಲ್ಲವೇ? ರಾತ್ರಿ ಒಬ್ಬೊಬ್ಬರೇ ಹಿತ್ತಲಿಗೆ ಹೋಗಲು ಅಂಜಿದೆವು. ಯಾರೂ ನಮ್ಮನ್ನು ಸೈತಾನನ ಭಕ್ತೆಯರೆಂದು ಕರೆಯಲಿಲ್ಲ.

ಅವರ ಮೊದಲ ರೆಕಾರ್ಡು 1969ರ ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ ಧ್ವನಿಮುದ್ರಣಗೊಂಡು, 1970ರ ಫೆಬ್ರುವರಿ 13ರ ಶುಕ್ರವಾರ ಮಾರಾಟಕ್ಕೆ ಬಂತು. ಹದಿಮೂರರ ಶುಕ್ರವಾರ ಅವರಲ್ಲಿ ಅಪಶಕುನ, ನಮ್ಮಲ್ಲಿ ಅಮಾವಾಸ್ಯೆ ಇದ್ದ ಹಾಗೆ. ಬೇಕೆಂದೇ ಆ ದಿನ ಆರಿಸಿದ್ದು ಕಂಪನಿಯ ವ್ಯಾಪಾರ. ಹೆಸರು ಹಾಡು ಮಳೆ, ಗುಡುಗು, ಚರ್ಚಿನ ಗಂಟೆಯಿಂದ ಶುರುವಾಗುತ್ತದೆ. ಆಮೇಲೆ ಗಿಟಾರಿನ ಮೂರೇ ಸ್ವರ: ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ನಟ್ಟನಡುವೆ ತೀವ್ರ ಮಧ್ಯಮ. ಷಡ್ಜದಿಂದ ತೀವ್ರ ಮಧ್ಯಮದ ಈ ಅಂತರವನ್ನು ಯುರೋಪಿನ ಹಳೆಯ ಸಂಗೀತಶಾಸ್ತ್ರದವರು 'ಸಂಗೀತದೊಳಗಿನ ಸೈತಾನ' ಎಂದು ಕರೆದಿದ್ದರು. ಚರ್ಚು ಅದನ್ನು ನಿಷೇಧಿಸಿತ್ತು, ಬಾರಿಸಿದವರನ್ನು ಶಿಕ್ಷಿಸುತ್ತಿದ್ದರು ಎಂದು ಹುಡುಗರು ಕತೆ ಕಟ್ಟುತ್ತಾರೆ. ಅದಕ್ಕೆ ಆಧಾರವಿಲ್ಲ. ಹಾಡಲು ತೊಡಕು, ಕಿವಿಗೆ ಒರಟು ಎಂದು ಬಿಡುತ್ತಿದ್ದರು, ಅಷ್ಟೇ.

ನಾನು ಇದನ್ನು ಅಣ್ಣನಿಗೆ ಹೇಳಿದೆ. ಅವನು ನಕ್ಕುಬಿಟ್ಟ. "ಅಂದ್ರ ಯಮನ್ ರಾಗದಾಗ ಸೈತಾನ ಕುಂತಾನಂತಾತು!" ಎಂದ. ಯಮನ್, ಮಾರವಾ, ಪೂರಿಯಾ, ತೋಡಿ, ಎಲ್ಲಕ್ಕೂ ತೀವ್ರ ಮಧ್ಯಮ ಬೇಕು. ಧಾರವಾಡ ಆಕಾಶವಾಣಿಯಲ್ಲಿ ಸಂಜೆ ಹೊತ್ತು ಮಾರವಾ ಬಂದರೆ ದೀಪ ಹಚ್ಚುವ ಹೊತ್ತಿನ ಒಂದು ಕಳವಳ ನಮಗೂ ಆಗುತ್ತಿತ್ತು. ಕಳವಳವಾದೊಡನೆ ಅದನ್ನು ದೆವ್ವ ಎನ್ನಲಿಲ್ಲ, ಅಷ್ಟೇ ವ್ಯತ್ಯಾಸ.

ಎಲ್ಲವನ್ನೂ ಈ ನಾಲ್ವರೇ ಮಾಡಿದರೆಂದರೆ ಇತಿಹಾಸಕ್ಕೆ ಅನ್ಯಾಯ. ಗಿಟಾರಿನ ಆ ಹರಕು ದನಿ ಮೊದಲೇ ಬಂದಿತ್ತು. ನಮ್ಮ ಮನೆಯಲ್ಲಿ ಹಳೆಯ ವಾಲ್ವ್ ರೇಡಿಯೋ ಇತ್ತು. ಹಚ್ಚಿ ಒಂದು ನಿಮಿಷ ಕಾಯಬೇಕು, ವಾಲ್ವು ಬಿಸಿಯಾದ ಮೇಲೆ ದನಿ. ತಮ್ಮಂದಿರು ಗುಂಡಿಯನ್ನು ಕೊನೆಯವರೆಗೆ ತಿರುವಿದರೆ ದನಿ ಒಡೆದು ಗೊರಗೊರ ಎನ್ನುತ್ತಿತ್ತು, ಅಪ್ಪ ಬೈಯುತ್ತಿದ್ದರು. ಆ ಒಡಕನ್ನೇ ಕೆಲವರು ಬೇಕೆಂದು ಹುಡುಕಿದರು. 1958ರಲ್ಲಿ ಅಮೆರಿಕದ ಲಿಂಕ್ ರೇ ಎಂಬಾತ ಪೆನ್ಸಿಲಿನಿಂದ ಸ್ಪೀಕರಿಗೆ ತೂತು ಕೊರೆದ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಸ್ಪೀಕರಿನ ಕಾಗದವನ್ನೇ ಸೀಳಿದ. ಲಂಡನ್ನಿನಲ್ಲಿ ಡ್ರಮ್ಸ್ ಮಾರುವ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲ್, 1962ರಿಂದ ವಾಲ್ವಿನ ಆಂಪ್ಲಿಫೈಯರುಗಳನ್ನು ತಾನೇ ಮಾಡತೊಡಗಿದ. ಹುಡುಗರು ಇನ್ನೂ ಜೋರು, ಇನ್ನೂ ಜೋರು ಎಂದು ಬೆನ್ನುಹತ್ತಿ ಕಪಾಟಿನೆತ್ತರದ ಪೆಟ್ಟಿಗೆಗಳನ್ನು ಮಾಡಿಸಿಕೊಂಡರು. ಹೆವಿ ಮೆಟಲ್ ಎಂಬ ಮಾತು 1968ರಲ್ಲಿ ಸ್ಟೆಪನ್‌ವುಲ್ಫ್ ತಂಡದ ಮೋಟಾರ್‌ಸೈಕಲ್ಲಿನ ಹಾಡೊಂದರಲ್ಲಿ ಬಂದುಹೋಗುತ್ತದೆ. 1971ರ ಹೊತ್ತಿಗೆ ಅಮೆರಿಕದ ಪತ್ರಿಕೆಯವರು ಅದನ್ನು ಸಂಗೀತಕ್ಕೆ ಅಂಟಿಸಿದರು, ಹೆಚ್ಚಾಗಿ ಬೈಗುಳವಾಗಿಯೇ.

ಲೆಡ್ ಜೆಪ್ಲಿನ್ ಮತ್ತು ಡೀಪ್ ಪರ್ಪಲ್ ಆ ಕಾಲದ ಇನ್ನೆರಡು ದೊಡ್ಡ ಹೆಸರು. ಜೆಪ್ಲಿನ್ನಿನ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ 1972ರಲ್ಲಿ ಮುಂಬಯಿಗೆ ಬಂದು ಅಲ್ಲಿನ ವಾದ್ಯಗಾರರೊಂದಿಗೆ ಎರಡು ಹಾಡು ಧ್ವನಿಮುದ್ರಿಸಿ ನೋಡಿದ್ದೂ ಉಂಟು. ಡೀಪ್ ಪರ್ಪಲ್‌ನವರ ಕತೆ ಇನ್ನೂ ಸ್ವಾರಸ್ಯ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನಲ್ಲಿ ಅವರು ಹಾಡು ಮುದ್ರಿಸಬೇಕಾಗಿದ್ದ ಕ್ಯಾಸಿನೋ ಬೆಂಕಿಗೆ ಆಹುತಿಯಾಯಿತು. ಕೆರೆಯ ನೀರಿನ ಮೇಲೆ ಹೊಗೆ ಹಬ್ಬಿದ್ದನ್ನು ನೋಡಿದರು, ಅದನ್ನೇ ಹಾಡು ಮಾಡಿದರು. ಅದರ ಆರಂಭದ ನಾಲ್ಕು ಸ್ವರದ ತುಣುಕನ್ನು ಗಿಟಾರ್ ಕಲಿಯುವ ಪ್ರತಿ ಹುಡುಗನೂ ಮೊದಲು ಬಾರಿಸುತ್ತಾನೆ, ಪೇಟಿ ಕಲಿಯುವವರು ಸರಿಗಮದ ಪಲ್ಟಾ ಹಿಡಿದ ಹಾಗೆ. ನಮ್ಮ ಹುಡುಗನೂ ವಾರಗಟ್ಟಲೆ ಅದನ್ನೇ ಬಾರಿಸಿ ಮನೆಯವರ ತಲೆ ತಿಂದ.

ಆ ಹಾಡು ಹೊರಬಂದ 1972 ನನಗೆ ಬೇರೆ ರೀತಿಯಲ್ಲಿ ನೆನಪಿದೆ. ವಿಜಾಪುರ ಜಿಲ್ಲೆಯ ದೊಡ್ಡ ಬರಗಾಲದ ಕಾಲ ಅದು. ನನಗೆ ಹದಿನಾಲ್ಕು. ಬರಗಾಲದ ಕಾಮಗಾರಿಯಲ್ಲಿ ಓಣಿಯ ಹೆಂಗಸರು ಸಾಲಾಗಿ ಕೂತು ಕಡಿ ಒಡೆಯುತ್ತಿದ್ದರು. ದೂರದಿಂದ ಕೇಳಿದರೆ ನೂರು ಸುತ್ತಿಗೆಗಳ ಸಪ್ಪಳ ಒಮ್ಮೆ ಚದುರಿ, ಒಮ್ಮೆ ತಾನೇ ಕೂಡಿಕೊಂಡು ಲಯಕ್ಕೆ ಬರುತ್ತಿತ್ತು. ಕಡಿ ಸಿಡಿದು ಕೈ ಒಡೆದುಕೊಂಡವರು ಹರಕು ಸೀರೆಯ ಚಿಂದಿಯನ್ನು ಬೆರಳಿಗೆ ಸುತ್ತಿಕೊಂಡು ಮತ್ತೆ ಸುತ್ತಿಗೆ ಎತ್ತುತ್ತಿದ್ದರು. ಆ ಸಪ್ಪಳವನ್ನು ಯಾರೂ ರೆಕಾರ್ಡು ಮಾಡಲಿಲ್ಲ.

ಬರ್ಮಿಂಗ್‌ಹ್ಯಾಂ ಕಡೆಯವರೇ ಆದ ಜೂಡಸ್ ಪ್ರೀಸ್ಟ್ ತಂಡದ ಹಾಡುಗಾರ ರಾಬ್ ಹಾಲ್ಫರ್ಡ್, ಶಾಲೆಯಲ್ಲಿ ಕೂತಾಗ ಪಕ್ಕದ ಉಕ್ಕಿನ ಕಾರ್ಖಾನೆಯ ಬಡಿತಕ್ಕೆ ಬೆಂಚು ನಡುಗುತ್ತಿತ್ತೆಂದು ನೆನೆದಿದ್ದಾನೆ. ಅವರ 1980ರ ರೆಕಾರ್ಡಿನ ಹೆಸರೇ 'ಬ್ರಿಟಿಷ್ ಸ್ಟೀಲ್'. ಅದರಲ್ಲಿ ಲೋಹದ ಮನುಷ್ಯರು ನಡೆದು ಬರುವ ಸಪ್ಪಳವೊಂದು ಬೇಕಾಯಿತು. ಈಗಿನಂತೆ ಕಂಪ್ಯೂಟರಿನಲ್ಲಿ ಹುಟ್ಟಿಸುವ ಕಾಲವಲ್ಲ. ಅಡುಗೆಮನೆಯ ಚಮಚ ಮುಳ್ಳುಚಮಚಗಳ ತಟ್ಟೆಯನ್ನು ತಂದು ಮೈಕಿನ ಮುಂದೆ ಅಲ್ಲಾಡಿಸಿದರು. ವೈನಿಯ ಹಂಡೆ ಕೊಡಗಳ ವರ್ಣನೆ ಅಷ್ಟೇನೂ ತಪ್ಪಲ್ಲ ನೋಡಿ!

ತಾಯಂದಿರ ಅಂಜಿಕೆಯೂ ಸುಳ್ಳಲ್ಲ. ಈ ಸಂಗೀತದ ಜೊತೆ ಕುಡಿತ, ಮಾದಕವಸ್ತು ಬಂದವು. 1979ರಲ್ಲಿ ಓಜಿಯನ್ನು ಆ ಕಾರಣಕ್ಕೇ ತಂಡದಿಂದ ಹೊರಗೆ ಹಾಕಿದರು. ಜೆಪ್ಲಿನ್ನಿನ ಡ್ರಮ್ಸ್ ವಾದಕ ಜಾನ್ ಬಾನಮ್ 1980ರಲ್ಲಿ, ಮೂವತ್ತೆರಡನೆಯ ವಯಸ್ಸಿಗೆ, ಕುಡಿದು ಮಲಗಿದವನು ಏಳಲೇ ಇಲ್ಲ. ಹೆಂಗಸರಿಗೆ ಆ ವೇದಿಕೆಯಲ್ಲಿ ಜಾಗ ಕಡಿಮೆಯಿತ್ತು ಎಂಬುದೂ ನಿಜ. 1978ರಲ್ಲಿ ಲಂಡನ್ನಿನಲ್ಲಿ 'ಗರ್ಲ್‌ಸ್ಕೂಲ್' ಎಂಬ ಹುಡುಗಿಯರದೇ ತಂಡ ಹುಟ್ಟಿತೆಂದು ಓದಿ ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ದೇಶದಲ್ಲಿ 1970ರ ದಶಕದ ಆರಂಭಕ್ಕೇ 'ಹ್ಯೂಮನ್ ಬಾಂಡೇಜ್' ಎಂಬ ರಾಕ್ ತಂಡದ ಮುಂದೆ ನಿಂತು ರಾಧಾ ಥಾಮಸ್ ಹಾಡಿದ್ದರು. ಆಗ ನಮಗೆ ಸೈಕಲ್ಲು ಹತ್ತುವುದೇ ದೊಡ್ಡ ಮಾತು.

ಬೆಂಗಳೂರಿಗೆ ಈ ಸಂಗೀತ ಬಂದದ್ದು ಕೈಯಿಂದ ಕೈಗೆ ಹೋಗುವ ಕ್ಯಾಸೆಟ್ಟುಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ತುಂಬಿಸಿಕೊಂಡು, ಹೆಸರುಗಳನ್ನು ಪೆನ್ನಿನಿಂದ ಬರೆದುಕೊಂಡು. 1980ರ ದಶಕದ ಕೊನೆಗೆ ಅಲ್ಲಿ 'ಮಿಲೆನಿಯಂ' ತಂಡ ಹೆಸರಾಯಿತು. 1998ರಲ್ಲಿ ಹುಟ್ಟಿದ 'ಕ್ರಿಪ್ಟೋಸ್' ತಂಡ 2013ರಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯ ದೊಡ್ಡ ಮೆಟಲ್ ಜಾತ್ರೆಯಲ್ಲಿ ಬಾರಿಸಿ ಬಂತು. ಡೀಪ್ ಪರ್ಪಲ್‌ನವರು 2001ರಲ್ಲಿ ಬೆಂಗಳೂರಿಗೆ ಬಂದಿದ್ದರು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ಹಾಡಿದಾಗ ದೇಶದ ಮೂಲೆಮೂಲೆಯಿಂದ ಹುಡುಗರು ರೈಲು ಹತ್ತಿ ಬಂದರು. ನಮ್ಮವನೂ ಆ ಗುಂಪಿನಲ್ಲಿದ್ದ. ಫೋನ್ ಎತ್ತಲಿಲ್ಲವೆಂದು ವೈನಿ ರಾತ್ರಿಯಿಡೀ ದೇವರ ಮುಂದೆ ಕೂತಿದ್ದರು. ಬೆಳಿಗ್ಗೆ ಅವನಿಗೆ ಫೋನಿನಲ್ಲಿ ಬಿದ್ದ ಬೈಗುಳಗಳಲ್ಲಿ 'ಬೇವರ್ಸಿ' ಎಂಬುದೂ ಇತ್ತು. ಮುಂದೆ ಕೆಲವೇ ವರ್ಷಗಳಲ್ಲಿ ಅದೇ ಬೈಗುಳದ ಹೆಸರಿಟ್ಟುಕೊಂಡು ಒಂದು ತಂಡ ಬೆಂಗಳೂರಿನಲ್ಲಿ ಬಂತು. ಇಂಗ್ಲಿಷಿನಲ್ಲಿ ಬರೆಯುವಾಗ ಬೇವರ್ ಎಂದು ಒಡೆದು, ಮುಂದೆ ಸಮುದ್ರದ 'ಸೀ' ಹಚ್ಚುತ್ತಾರೆ. 2012ರಲ್ಲಿ ಅವರ ಮೊದಲ ರೆಕಾರ್ಡು. ಟೋನಿ ಅಯೋಮಿಯ ಆ ಕೆಳದನಿಯ, ನಿಧಾನದ ಗುಡುಗನ್ನೇ ಹಿಡಿದವರು. ವಾರಸುದಾರರಿಲ್ಲದವನು ಬೇವರ್ಸಿ, ಈ ಹುಡುಗರಿಗೆ ಮಾತ್ರ ಹಿರಿಯರು ಯಾರೆಂಬುದು ಚೆನ್ನಾಗಿ ಗೊತ್ತಿತ್ತು.

2025ರ ಜುಲೈ 5ರಂದು ಬ್ಲ್ಯಾಕ್ ಸ್ಯಾಬತ್ತಿನ ನಾಲ್ವರೂ ಇಪ್ಪತ್ತು ವರ್ಷಗಳ ಮೇಲೆ ಒಂದೇ ವೇದಿಕೆಗೆ ಬಂದರು. ಅದೂ ಆಸ್ಟನ್ನಿನಲ್ಲೇ, ಹುಡುಗರಾಗಿದ್ದಾಗ ಓಡಾಡಿದ ಓಣಿಗಳ ನಡುವಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ. ಪಾರ್ಕಿನ್ಸನ್ ಕಾಯಿಲೆಯಿಂದ ನಡೆಯಲಾಗದ ಓಜಿ ದೊಡ್ಡ ಕುರ್ಚಿಯಲ್ಲಿ ಕೂತೇ ಹಾಡಿದ. ಬಂದ ಹಣ ಮಕ್ಕಳ ಆಸ್ಪತ್ರೆ ಮೊದಲಾದ ಧರ್ಮಕಾರ್ಯಗಳಿಗೆ ಎಂದಿತ್ತು. ಹದಿನೇಳು ದಿನ ಕಳೆದು, ಜುಲೈ 22ರಂದು, ಅವನು ತೀರಿಕೊಂಡ. ಎಪ್ಪತ್ತಾರು ವರ್ಷ.

ಆ ಸುದ್ದಿ ಬಂದ ವಾರ ಹುಡುಗ ಊರಿಗೆ ಬಂದಿದ್ದ. ಹುಡುಗನೇನು, ಅವನ ಕಿವಿಯ ಬಳಿ ಕೂದಲು ನೆರೆತಿವೆ. ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಆ ಕಾರ್ಯಕ್ರಮ ತೋರಿಸಿದ. ಅಣ್ಣ ಕನ್ನಡಕ ಏರಿಸಿಕೊಂಡು, ಹಾಡನ್ನು ಕೇಳುವುದಕ್ಕಿಂತ ಟೋನಿಯ ಬಲಗೈಯನ್ನೇ ನೋಡುತ್ತಿದ್ದ.

"ತಮ್ಮಾ, ಅಲ್ಲೇ ನಿಂದರಸು. ಬೆರಳಿನ ಟೊಪ್ಪಿಗಿ ಕಾಣ್ತಾವೇನು?"

ಹುಡುಗ ಚಿತ್ರವನ್ನು ದೊಡ್ಡದು ಮಾಡಿದ. ಎರಡು ಬೆರಳ ತುದಿಯಲ್ಲಿ ಮಾಸಲು ಬಣ್ಣದ್ದೇನೋ ಕಂಡಿತು.

"ಈಗೂ ಅವನ್ನ ಹಾಕ್ಕೊಂಡ ಬಾರಿಸ್ತಾನ?"

"ಹೌದಪ್ಪಾ. ಅರವತ್ತು ವರ್ಷಾತು."

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಳಗೆ ತಿರುಗಿ, ಹಳೇ ತೊಗಲಿನ ಚೀಲ ಒಂದು ಇತ್ತಲ್ಲ, ಎಲ್ಲಿಟ್ಟೀಯೇ ಎಂದು ವೈನಿಯನ್ನು ಕೇಳಿದ.